ಸ್ಟೇಜ್‌ಗೆ ಒಯ್ಯುವ ಮಲ್ಟಿ ಎಫೆಕ್ಟ್ಸ್ ಪೆಡಲ್: ಮಂಗಳೂರು, ಉಡುಪಿಯ ಗಿಟಾರಿಸ್ಟ್‌ಗಳಿಗೆ ಆಯ್ಕೆಯ ಸಮಗ್ರ ಮಾರ್ಗದರ್ಶಿ

ಗಿಟಾರ್‌ನ ಶಬ್ದವನ್ನು ಬದಲಾಯಿಸುವ ಬೇರೆ ಬೇರೆ ಎಫೆಕ್ಟ್‌ಗಳು ಒಂದೇ ಪೆಟ್ಟಿಗೆಯಲ್ಲಿ, ಕಾಲಿನಿಂದ ಒತ್ತುವ ಹಾಗೆ ಇರುವುದು ಮಲ್ಟಿ ಎಫೆಕ್ಟ್ಸ್ ಪೆಡಲ್. ಅದನ್ನು ಕೊಳ್ಳಲು ಹೊರಟವರು ಮೊದಲು ಕೇಳುವ ಪ್ರಶ್ನೆ, "ಇದರಲ್ಲಿ ಎಷ್ಟು ಎಫೆಕ್ಟ್ ಉಂಟು?" ಈಗಿನ ಯಾವ ಪೆಡಲ್ ತೆಗೆದರೂ ಬೇಕಾದ್ದಕ್ಕಿಂತ ಜಾಸ್ತಿಯೇ ಇರುತ್ತದೆ. ಪ್ರೋಗ್ರಾಂಗೆ ಹೋಗಿ ನುಡಿಸುವವರಿಗೆ ಆ ಲೆಕ್ಕದಿಂದ ಏನೂ ಪ್ರಯೋಜನ ಇಲ್ಲ. ಕೇಳಬೇಕಾದ ಪ್ರಶ್ನೆ ಬೇರೆ: ಪೆಡಲ್‌ನಿಂದ ಹೊರಟ ಕೇಬಲ್ ಎಲ್ಲಿಗೆ ಹೋಗಿ ಸೇರುತ್ತದೆ?

ನಮ್ಮ ಕಡೆ ಅದು ಹೆಚ್ಚಾಗಿ ಸೇರುವುದು ಸೌಂಡ್‌ನವರ ಮಿಕ್ಸರ್‌ಗೆ. ಮದುವೆ ರಿಸೆಪ್ಶನ್, ಕ್ರೈಸ್ತ ಮದುವೆಯ ಹಿಂದಿನ ದಿನದ ರೋಸ್ ಶಾಸ್ತ್ರ, ಚರ್ಚಿನ ವಾರ್ಷಿಕ ಹಬ್ಬ, ಶಾಲಾ ವಾರ್ಷಿಕೋತ್ಸವ, ದೇವಸ್ಥಾನದ ವಠಾರದ ಭಕ್ತಿಗೀತೆ, ಇವುಗಳಲ್ಲಿ ಗಿಟಾರ್ ಆಂಪ್ (ಗಿಟಾರ್‌ಗೆಂದೇ ಇರುವ ಆಂಪ್ಲಿಫೈಯರ್ ಮತ್ತು ಸ್ಪೀಕರ್) ಇಟ್ಟಿರುವ ಸ್ಟೇಜ್ ಸಿಗುವುದು ಅಪರೂಪ. ಅಂದರೆ ಆಂಪ್ ಮಾಡಬೇಕಾದ ಕೆಲಸ, ಅದರ ಸ್ಪೀಕರ್ ಮಾಡಬೇಕಾದ ಕೆಲಸ, ಎರಡನ್ನೂ ನಿಮ್ಮ ಪೆಡಲ್ಲೇ ಮಾಡಬೇಕು. ಅದಕ್ಕೇ ಇಲ್ಲಿ ಆಯ್ಕೆಯನ್ನು ಕೇಬಲ್‌ನ ಆ ತುದಿಯಿಂದ ಶುರು ಮಾಡಿದ್ದೇನೆ. ಮೊದಲು ಔಟ್‌ಪುಟ್, ಆಮೇಲೆ ಕರೆಂಟ್, ಆಮೇಲೆ ಕಾಲು, ಆಮೇಲೆ ಸೌಂಡ್. ಯಾರಿಗೆ ಯಾವ ಮಾಡೆಲ್ ಎಂಬುದು ಅದರ ನಂತರ.

ಹಂತ 1: ಕಳೆದ ಸೀಸನ್ ಬಗ್ಗೆ ಒಂದು ಹಾಳೆಯಲ್ಲಿ ಬರೆಯಿರಿ

ಅಂಗಡಿಗೆ ಹೋಗುವ ಮೊದಲು, ಯೂಟ್ಯೂಬ್ ನೋಡುವ ಮೊದಲು ಇದನ್ನು ಮಾಡಿ. ನವೆಂಬರ್‌ನಿಂದ ಮೇ ತನಕ ನುಡಿಸಿದ ಜಾಗಗಳನ್ನು ಬರೆಯಿರಿ. ಪ್ರತಿಯೊಂದರ ಎದುರು ನಾಲ್ಕು ವಿಷಯ ಸಾಕು. ಗಿಟಾರ್ ಎಲ್ಲಿಗೆ ಕನೆಕ್ಟ್ ಆಯಿತು? ಕರೆಂಟ್ ಎಲ್ಲಿಂದ ಬಂತು? ಸೌಂಡ್ ಚೆಕ್‌ಗೆ ಎಷ್ಟು ಹೊತ್ತು ಸಿಕ್ಕಿತು? ನೀವು ಅಲ್ಲಿಗೆ ಹೇಗೆ ಹೋದಿರಿ?

ಈ ಹಾಳೆ ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಶಕ್ತಿನಗರದ ಕಲಾಂಗಣ್‌ನಲ್ಲೋ ಮಂಗಳೂರು ಪುರಭವನದಲ್ಲೋ ನುಡಿಸುವವರಿಗೆ ಕಾಯಂ ಸ್ಟೇಜ್ ಉಂಟು, ಸಾಮಾನು ಹರಡಿಕೊಳ್ಳಲು ಜಾಗ ಉಂಟು. ಮಲ್ಪೆ, ಪಣಂಬೂರು ಬೀಚ್ ಕಾರ್ಯಕ್ರಮಕ್ಕೆ ಹೋಗುವವರಿಗೆ ಮರಳು, ಉಪ್ಪುಗಾಳಿ, ಜನರೇಟರ್. ಕಾಲೇಜ್ ಫೆಸ್ಟ್‌ನಲ್ಲಿ ಒಂದರ ಹಿಂದೆ ಒಂದು ಬ್ಯಾಂಡ್ ಇದ್ದರೆ ಪ್ಲಗ್ ಚುಚ್ಚಿ ನುಡಿಸಲು ಶುರು ಮಾಡುವುದಕ್ಕೆ ಐದು ನಿಮಿಷ ಸಿಕ್ಕಿದರೆ ಪುಣ್ಯ.

ಸಮಯದ ಒತ್ತಡ ಸುಮ್ನೆ ಬಂದದ್ದಲ್ಲ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಬಯಲಿನಲ್ಲಿ ಧ್ವನಿವರ್ಧಕ ಬಳಸುವ ಹಾಗಿಲ್ಲ. ಸ್ವಾಗತ ಭಾಷಣ, ಸನ್ಮಾನ ಎಲ್ಲ ಮುಗಿದು ನಿಮ್ಮ ಸರದಿ ಬರುವಾಗ ಗಡಿಯಾರ ಓಡುತ್ತಿರುತ್ತದೆ. ಹಾಗಾಗಿ ಬೇಗ ಆನ್ ಆಗುವ, ಬೇಗ ಕನೆಕ್ಟ್ ಆಗುವ ಪೆಡಲ್‌ಗೆ ನಮ್ಮಲ್ಲಿ ಬೆಲೆ ಜಾಸ್ತಿ.

ಹಂತ 2: ಔಟ್‌ಪುಟ್ ಮತ್ತು ಕ್ಯಾಬ್ ಸಿಮ್ಯುಲೇಶನ್

ಗಿಟಾರ್ ಆಂಪ್‌ನ ಸ್ಪೀಕರ್ ಸಾಮಾನ್ಯ ಸ್ಪೀಕರ್ ಅಲ್ಲ. ಸುಮಾರು 5 ಕಿಲೋಹರ್ಟ್ಸ್‌ನಿಂದ ಮೇಲಿನ ಶಬ್ದವನ್ನು ಅದು ಹೆಚ್ಚಾಗಿ ಹೊರಗೆ ಬಿಡುವುದಿಲ್ಲ. ಡಿಸ್ಟಾರ್ಶನ್, ಅಂದರೆ ರಾಕ್ ಗಿಟಾರ್‌ನ ಒಡೆದ ಶಬ್ದ, ಕೇಳಲು ಹಿತವಾಗಿರುವುದು ಆ ಕಾರಣಕ್ಕೆ. ಸಭೆಗೆಲ್ಲ ಕೇಳಿಸುವ ಪಿಎ ಸ್ಪೀಕರ್ ಹಾಗಲ್ಲ, ಬಂದದ್ದನ್ನೆಲ್ಲ ಹೊರಗೆ ಹಾಕುತ್ತದೆ. ಆಂಪ್‌ನ ಸ್ಪೀಕರ್ ಪೆಟ್ಟಿಗೆಯನ್ನು (ಕ್ಯಾಬ್) ಅನುಕರಿಸುವ ಕ್ಯಾಬ್ ಸಿಮ್ಯುಲೇಶನ್ ಇಲ್ಲದೆ ಡಿಸ್ಟಾರ್ಶನ್ ಅನ್ನು ನೇರ ಮಿಕ್ಸರ್‌ಗೆ ಕೊಟ್ಟರೆ ಕಣಜದ ಗೂಡಿಗೆ ಕಲ್ಲು ಹೊಡೆದ ಹಾಗೆ ಕೇಳುತ್ತದೆ. ಸೌಂಡ್‌ನವರು ಗಿಟಾರ್ ಚಾನಲ್ ಇಳಿಸಿಬಿಡುತ್ತಾರೆ. ಅವರನ್ನು ದೂರಿ ಪ್ರಯೋಜನ ಇಲ್ಲ.

ಆದ್ದರಿಂದ ಮೊದಲ ಷರತ್ತು: ಪೆಡಲ್‌ನಲ್ಲಿ ಆಂಪ್ ಮಾಡೆಲ್ (ಆಂಪ್‌ನ ಅನುಕರಣೆ) ಜೊತೆಗೆ ಕ್ಯಾಬ್ ಮಾಡೆಲ್ ಇರಬೇಕು. ನಿಮ್ಮದೇ ಐಆರ್ ಫೈಲ್ ಹಾಕಲು ಆದರೆ ಇನ್ನೂ ಒಳ್ಳೆಯದು. ಐಆರ್ ಅಂದರೆ ಒಂದು ನಿಜವಾದ ಸ್ಪೀಕರ್ ಪೆಟ್ಟಿಗೆ ಮತ್ತು ಅದರ ಮುಂದಿಟ್ಟ ಮೈಕ್ ಸೇರಿ ಶಬ್ದವನ್ನು ಹೇಗೆ ಬದಲಾಯಿಸುತ್ತವೆ ಎಂಬುದರ ಪುಟ್ಟ ರೆಕಾರ್ಡಿಂಗ್. 1024 ಸ್ಯಾಂಪಲ್, 2048 ಸ್ಯಾಂಪಲ್ ಎಂದು ಬಾಕ್ಸ್ ಮೇಲೆ ಬರೆದಿರುತ್ತಾರೆ. 48 ಕಿಲೋಹರ್ಟ್ಸ್‌ನಲ್ಲಿ 1024 ಸ್ಯಾಂಪಲ್ ಅಂದರೆ ಸುಮಾರು 21 ಮಿಲಿಸೆಕೆಂಡ್. ಉದ್ದದ ಐಆರ್‌ನಲ್ಲಿ ಕೆಳಗಿನ ಸ್ವರಗಳು ಸ್ವಲ್ಪ ಹೆಚ್ಚು ನಿಖರ. ಆದರೆ ಡ್ರಮ್ಸ್, ಕೀಬೋರ್ಡ್, ಬೇಸ್ ಎಲ್ಲ ಒಟ್ಟಿಗೆ ನುಡಿಯುವ ಸ್ಟೇಜ್‌ನಲ್ಲಿ ಈ ಎರಡರ ನಡುವಿನ ವ್ಯತ್ಯಾಸಕ್ಕೆ ಹೆಚ್ಚು ದುಡ್ಡು ಕೊಡುವುದು ಬೇಡ ಎಂಬುದು ನನ್ನ ಅಭಿಪ್ರಾಯ.

ಕೆಲವು ಕಡೆ ಆಂಪ್ ಇದ್ದೂ ಇರುತ್ತದೆ. ಆಂಪ್‌ನ ಮುಂದಿನ ಇನ್‌ಪುಟ್‌ಗೆ ಕೊಡುವಾಗ ಪೆಡಲ್‌ನ ಆಂಪ್ ಮತ್ತು ಕ್ಯಾಬ್ ಎರಡನ್ನೂ ಆಫ್ ಮಾಡಬೇಕು. ಇಲ್ಲದಿದ್ದರೆ ಒಂದು ಆಂಪ್ ಮೇಲೆ ಇನ್ನೊಂದು ಆಂಪ್ ಹೇರಿದಂತಾಗಿ ಸೌಂಡ್ ಮಂಕಾಗುತ್ತದೆ. ಪ್ರತಿ ಪ್ಯಾಚ್‌ಗೂ (ಹೊಂದಿಸಿ ಉಳಿಸಿಟ್ಟ ಸೌಂಡ್‌ಗೆ) ಹೋಗಿ ಆಫ್ ಮಾಡುತ್ತಾ ಕೂರಲು ಸ್ಟೇಜ್ ಮೇಲೆ ಯಾರಿಗೂ ಪುರುಸೊತ್ತಿಲ್ಲ. ಎಲ್ಲ ಪ್ಯಾಚ್‌ಗೂ ಒಮ್ಮೆಗೇ ಅನ್ವಯಿಸುವ ಸೆಟ್ಟಿಂಗ್ ಉಂಟಾ ಎಂದು ಅಂಗಡಿಯಲ್ಲೇ ಕೇಳಿ.

ಇನ್ನು ಜ್ಯಾಕ್. ಸಣ್ಣ ಪೆಡಲ್‌ಗಳಲ್ಲಿ ಸಾಮಾನ್ಯವಾಗಿ ಗಿಟಾರ್ ಕೇಬಲ್‌ನ ಕಾಲಿಂಚಿನ ಔಟ್‌ಪುಟ್ ಮಾತ್ರ ಇರುತ್ತದೆ. ದೊಡ್ಡದರಲ್ಲಿ ಮೈಕ್ ಕೇಬಲ್ ಹಾಕುವ ಎಕ್ಸ್‌ಎಲ್‌ಆರ್ ಕೂಡ ಇರಬಹುದು. ಸ್ಟೇಜ್‌ನಿಂದ ಮಿಕ್ಸರ್ ದೂರ ಇದ್ದರೆ ಬ್ಯಾಲೆನ್ಸ್ಡ್ ಅಲ್ಲದ, ಅಂದರೆ ಹೊರಗಿನ ಗದ್ದಲ ತಡೆಯದ, ಗಿಟಾರ್ ಕೇಬಲ್ ಅನ್ನು ಅಲ್ಲಿ ತನಕ ಎಳೆಯಬಾರದು. ಎಲ್‌ಇಡಿ ಲೈಟ್, ಡಿಮ್ಮರ್, ಜನರೇಟರ್ ಲೈನ್ ಎಲ್ಲದರ ಗುಂಯ್ ಶಬ್ದ ಅದರೊಳಗೆ ಸೇರುತ್ತದೆ. ಇದಕ್ಕೆ ಪರಿಹಾರ ಡಿಐ ಬಾಕ್ಸ್, ಅಂದರೆ ಗಿಟಾರ್ ಸಿಗ್ನಲ್ ಅನ್ನು ಮೈಕ್ ಕೇಬಲ್‌ಗೆ ಹೊಂದುವ ಹಾಗೆ ಬದಲಾಯಿಸುವ ಸಣ್ಣ ಪೆಟ್ಟಿಗೆ. ಪೆಡಲ್‌ನಿಂದ ಡಿಐಗೆ ಸಣ್ಣ ಕೇಬಲ್, ಅಲ್ಲಿಂದ ಮಿಕ್ಸರ್‌ಗೆ ಮೈಕ್ ಕೇಬಲ್. ಮಲ್ಟಿ ಎಫೆಕ್ಟ್ಸ್‌ಗೆ ಕರೆಂಟ್ ಬೇಡದ ಪ್ಯಾಸಿವ್ ಡಿಐ ಧಾರಾಳ ಸಾಕು, ಯಾಕೆಂದರೆ ಪೆಡಲ್‌ನಿಂದ ಬರುವ ಸಿಗ್ನಲ್ ಆಗಲೇ ಗಟ್ಟಿಯಾಗಿರುತ್ತದೆ. ಅದರಲ್ಲಿ ಸಿಗ್ನಲ್ ಕೇಬಲ್‌ನ ಗ್ರೌಂಡ್ ಸಂಪರ್ಕ ಬಿಡಿಸುವ ಗ್ರೌಂಡ್ ಲಿಫ್ಟ್ ಸ್ವಿಚ್ ಇರಲಿ. ಹಮ್, ಅಂದರೆ ಆ ಗುಂಯ್ ಶಬ್ದ, ಬಂದರೆ ಮೊದಲು ಒತ್ತಿ ನೋಡಬೇಕಾದ್ದು ಅದನ್ನೇ. ಎಕ್ಸ್‌ಎಲ್‌ಆರ್ ಇಲ್ಲದ ಪೆಡಲ್ ಕೊಳ್ಳುವುದಾದರೆ ಡಿಐ ಬಾಕ್ಸ್‌ನ ದುಡ್ಡನ್ನೂ ಬಜೆಟ್‌ನಲ್ಲಿ ಸೇರಿಸಿ. ಸೌಂಡ್‌ನವರ ಹತ್ತಿರ ಇರುತ್ತದೆ ಎಂದು ನಂಬಿ ಹೋಗಬೇಡಿ.

ಎಕ್ಸ್‌ಎಲ್‌ಆರ್ ಇದ್ದವರು ಫ್ಯಾಂಟಮ್ ಪವರ್ ಬಗ್ಗೆ ತಿಳಿದಿರಬೇಕು. ಕಂಡೆನ್ಸರ್ ಮೈಕ್‌ಗಳಿಗೆ ಮಿಕ್ಸರ್ ಕೊಡುವ 48 ವೋಲ್ಟ್ ಅದು. ಎಷ್ಟೋ ಸಣ್ಣ ಮಿಕ್ಸರ್‌ಗಳಲ್ಲಿ ಎಲ್ಲ ಚಾನಲ್‌ಗೂ ಒಂದೇ ಸ್ವಿಚ್. ಗಾಯನ ಮಂಡಳಿಯ ಮೈಕ್‌ಗೆಂದು ಆನ್ ಮಾಡಿದರೆ ನಿಮ್ಮ ಪೆಡಲ್‌ಗೂ ಬರುತ್ತದೆ. ನಿಮ್ಮ ಮಾಡೆಲ್ ಅದನ್ನು ತಡೆಯುತ್ತದೋ ಇಲ್ಲವೋ ಎಂದು ಮ್ಯಾನ್ಯುಯಲ್‌ನಲ್ಲಿ ಓದಿಕೊಳ್ಳಿ. ಸಂಶಯ ಇದ್ದರೆ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಮೂಲಕವೇ ಕೊಡಿ.

ಸ್ಟೀರಿಯೊ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ನಮ್ಮ ಹೆಚ್ಚಿನ ಕಾರ್ಯಕ್ರಮಗಳಲ್ಲಿ ಗಿಟಾರ್‌ಗೆ ಸಿಗುವುದು ಒಂದೇ ಚಾನಲ್. ಎಡ ಅಥವಾ ಮೊನೊ ಎಂದು ಬರೆದ ಜ್ಯಾಕ್‌ಗೆ ಕೇಬಲ್ ಹಾಕಿ. ಎಡಕ್ಕೂ ಬಲಕ್ಕೂ ಹಾರುವ ಪಿಂಗ್ ಪಾಂಗ್ ಡಿಲೇಯನ್ನು (ಡಿಲೇ ಅಂದರೆ ಪ್ರತಿಧ್ವನಿಯ ಎಫೆಕ್ಟ್) ಸ್ಟೇಜ್ ಪ್ಯಾಚ್‌ನಿಂದ ತೆಗೆಯಿರಿ.

ಹಂತ 3: ಕರೆಂಟ್

ನಮ್ಮ ಊರಿನ ಸ್ಟೇಜ್‌ಗೆ ಪೆಡಲ್ ಆರಿಸುವಾಗ ಇಷ್ಟು ಮುಖ್ಯವಾದದ್ದು, ಇಷ್ಟು ಕಡಿಮೆ ಜನ ಯೋಚಿಸುವುದು ಬೇರೊಂದಿಲ್ಲ.

ಕರೆಂಟ್ ಹೋಗಿ ಜನರೇಟರ್‌ಗೆ ಬದಲಾಗುವಾಗ ಕೆಲವು ಸೆಕೆಂಡ್ ಎಲ್ಲ ಆಫ್ ಆಗುತ್ತದೆ. ಮಿಕ್ಸರ್ ಬೇಗ ಎದ್ದು ಕೂರುತ್ತದೆ. ಆದರೆ ಮಲ್ಟಿ ಎಫೆಕ್ಟ್ಸ್ ಒಂದು ಪುಟ್ಟ ಕಂಪ್ಯೂಟರ್. ಆನ್ ಆಗಲು ಅದಕ್ಕೆ ಅದರದ್ದೇ ಸಮಯ ಬೇಕು. ಡ್ಯಾನ್ಸ್ ನಡೆಯುತ್ತಿರುವಾಗ, ಹಾಡಿನ ನಡುವೆ, ಆ ಹೊತ್ತು ತುಂಬ ದೊಡ್ಡದು. ಅಂಗಡಿಯಲ್ಲಿ ಪೆಡಲ್ ಆಫ್ ಮಾಡಿ, ಮತ್ತೆ ಆನ್ ಮಾಡಿ, ಶಬ್ದ ಬರುವ ತನಕ ಮೊಬೈಲ್‌ನಲ್ಲಿ ಟೈಮ್ ನೋಡಿ. ಎರಡು ಮಾಡೆಲ್ ನಡುವೆ ಮನಸ್ಸು ಹೊಯ್ದಾಡುತ್ತಿದ್ದರೆ ಬೇಗ ಎದ್ದದ್ದನ್ನು ತೆಗೆದುಕೊಳ್ಳಿ. ಆನ್ ಆದಾಗ ಕೊನೆಗೆ ನುಡಿಸಿದ ಪ್ಯಾಚ್‌ಗೇ ಬರುತ್ತದೋ, ಮೊದಲನೆಯದಕ್ಕೆ ಹೋಗುತ್ತದೋ ಅದನ್ನೂ ಗಮನಿಸಿ.

ಸೆಲ್‌ನಲ್ಲಿ ನಡೆಯುವ ಪೆಡಲ್‌ಗಳಿಗೆ ಈ ಚಿಂತೆ ಇಲ್ಲ. ಬಾಸ್ ಜಿಟಿ-1 ಮತ್ತು ಜೂಮ್ ಜಿ1ಎಕ್ಸ್ ಫೋರ್ ನಾಲ್ಕು ಪೆನ್ಸಿಲ್ ಸೆಲ್‌ನಲ್ಲಿ ನಡೆಯುತ್ತವೆ. ಬಾಸ್ ಎಂಇ-90ಗೆ ಆರು ಸೆಲ್. ಜೂಮ್ ಕಂಪನಿ ಜಿ1ಎಕ್ಸ್ ಫೋರ್‌ಗೆ ಆಲ್ಕಲೈನ್ ಸೆಲ್‌ನಲ್ಲಿ ಸುಮಾರು 18 ಗಂಟೆ ಎಂದು ಹೇಳುತ್ತದೆ. ಗಡಿಯಾರಕ್ಕೆ ಹಾಕುವ ಅಗ್ಗದ ಸೆಲ್ ಹಾಕಿದರೆ ಇಷ್ಟು ಬರುವುದಿಲ್ಲ. ಆಲ್ಕಲೈನ್ ಅಥವಾ ಚಾರ್ಜ್ ಮಾಡುವ ಸೆಲ್ ಹಾಕಿ. ಜಿ1ಎಕ್ಸ್ ಫೋರ್ ಯುಎಸ್‌ಬಿಯಿಂದಲೂ ನಡೆಯುವ ಕಾರಣ ಮೊಬೈಲ್‌ನ ಪವರ್ ಬ್ಯಾಂಕ್ ಸಾಕಾಗುತ್ತದೆ.

ಅಡಾಪ್ಟರ್‌ನಲ್ಲಿ ನಡೆಯುವ ಪೆಡಲ್ ಕೊಳ್ಳುವಾಗ ಮೂರು ಸಂಗತಿ ನೋಡಿ. ವೋಲ್ಟ್ ಸರಿಯಾಗಿ ಅಷ್ಟೇ ಇರಬೇಕು. ಪಿನ್‌ನ ಒಳಗೆ ಪ್ಲಸ್ಸೋ ಮೈನಸ್ಸೋ ಎಂಬುದು ಹೊಂದಬೇಕು. ಮಿಲಿಆಂಪ್ ಬೇಕಾದಷ್ಟು ಅಥವಾ ಅದಕ್ಕಿಂತ ಜಾಸ್ತಿ ಇರಬೇಕು. ಗಿಟಾರ್ ಪೆಡಲ್‌ಗಳಲ್ಲಿ ಹೆಚ್ಚಿನವು 9 ವೋಲ್ಟ್, ಒಳಗೆ ಮೈನಸ್. ಆದರೆ ಬೇಕಾಗುವ ಮಿಲಿಆಂಪ್ ತುಂಬ ಬೇರೆ ಬೇರೆ. ಜಿಟಿ-1ಗೆ 200 ಮಿಲಿಆಂಪ್ ಸಾಕು. ಲೈನ್ 6 ಎಚ್‌ಎಕ್ಸ್ ಸ್ಟಾಂಪ್ ಜೊತೆ ಬರುವ ಅಡಾಪ್ಟರ್ 3,000 ಮಿಲಿಆಂಪ್‌ನದ್ದು. ಕ್ವಾಡ್ ಕಾರ್ಟೆಕ್ಸ್ ಎಂಬ ದುಬಾರಿ ಪೆಡಲ್‌ಗೆ 12 ವೋಲ್ಟ್ ಬೇಕು. ಅಂದರೆ ಅಡಾಪ್ಟರ್ ಮನೆಯಲ್ಲಿ ಮರೆತು ಬಂದರೆ ಜಿಟಿ-1 ನವರು ಪಕ್ಕದವರ ಹತ್ತಿರ ಕೇಳಿ ಪಡೆಯಬಹುದು, ಸ್ಟಾಂಪ್‌ನವರಿಗೆ ಅದು ಕಷ್ಟ. ದೊಡ್ಡ ಪೆಡಲ್ ತೆಗೆದುಕೊಂಡರೆ ಇನ್ನೊಂದು ಅಡಾಪ್ಟರ್ ತೆಗೆದು ಕಾಯಂ ಬ್ಯಾಗ್‌ನಲ್ಲೇ ಇಡಿ.

ಜೊತೆಗೆ ಸುರಕ್ಷತೆಯ ಮಾತು. ಮೂರು ಪಿನ್‌ನ ಒಂದು ಎಕ್ಸ್‌ಟೆನ್ಶನ್ ಬಾಕ್ಸ್ ನಿಮ್ಮದೇ ಇರಲಿ. ಅದನ್ನು ಸೌಂಡ್‌ನವರು ಸ್ಟೇಜ್‌ಗೆ ಕೊಟ್ಟ ಲೈನ್‌ಗೇ ಹಾಕಿ. ಹಾಲ್‌ನ ಗೋಡೆಯ ಬೇರೆ ಸಾಕೆಟ್‌ನಿಂದ ತೆಗೆದರೆ ಎರಡು ಕಡೆಯ ಅರ್ತಿಂಗ್‌ನಲ್ಲಿ ವ್ಯತ್ಯಾಸ ಬಂದು ಹಮ್ ಬರಬಹುದು, ಶಾಕ್ ಕೂಡ ಹೊಡೆಯಬಹುದು. ತಂತಿ ಹಿಡಿದು ಮೈಕ್‌ಗೆ ತುಟಿ ತಾಗಿದಾಗ ಜುಮ್ ಎಂದರೆ ಅಲ್ಲೇ ನಿಲ್ಲಿಸಿ, ಅರ್ತಿಂಗ್ ಸರಿ ಮಾಡಿಸಿ. ಹಮ್ ಹೋಗಲೆಂದು ಅರ್ತ್ ಪಿನ್ ಕಿತ್ತು ಹಾಕುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮಳೆಗೆ ಒದ್ದೆಯಾದ ಪೆಂಡಾಲ್‌ನಲ್ಲಿ ಅದು ಜೀವಕ್ಕೇ ಅಪಾಯ.

ಹಂತ 4: ಕಾಲಿಗೆ ಏನು ಬೇಕು

ಮನೆಯಲ್ಲಿ ಕೈಯಿಂದ ಗುಂಡಿ ತಿರುಗಿಸುತ್ತೇವೆ. ಸ್ಟೇಜ್‌ನಲ್ಲಿ ಇರುವುದು ಒಂದು ಕಾಲು, ಅದೂ ಕಣ್ಣು ಎಲ್ಲೋ ಇರುವಾಗ. ಆರ್ಕೆಸ್ಟ್ರಾದಲ್ಲಿ ಗಾಯಕರು ಕೈ ಸನ್ನೆ ಮಾಡಿದ ಕೂಡಲೇ ಕೊಂಕಣಿಯ ಕುಣಿತದ ಹಾಡು ಬೈಲಾದಿಂದ ತುಳು ಹಾಡಿಗೆ, ಅಲ್ಲಿಂದ ಹಳೆಯ ಹಿಂದಿ ಹಾಡಿಗೆ ಹಾರಬೇಕು. ಪ್ಯಾಚ್ ಹುಡುಕುತ್ತಾ ನಿಂತರೆ ಹಾಡು ಮುಂದೆ ಹೋಗಿರುತ್ತದೆ.

ಫುಟ್‌ಸ್ವಿಚ್ ಎಷ್ಟು ಬೇಕು ಎಂಬುದನ್ನು ಇದರಿಂದಲೇ ನಿರ್ಧರಿಸಿ. ಜಿಟಿ-1ರಲ್ಲಿ ಮೂರು: ಹಿಂದೆ, ಮುಂದೆ, ಮತ್ತೊಂದು ನಿಮಗೆ ಬೇಕಾದ ಕೆಲಸಕ್ಕೆ. ಎಚ್‌ಎಕ್ಸ್ ಸ್ಟಾಂಪ್‌ನಲ್ಲೂ ಮೂರೇ. ಲೈನ್ 6ರದ್ದೇ ಪಾಡ್ ಗೋದಲ್ಲಿ ಎಂಟು. ಹಿಂದೆ-ಮುಂದೆ ಮಾತ್ರ ಇರುವ ಪೆಡಲ್‌ನಲ್ಲಿ ಒಂದನೇ ಪ್ಯಾಚ್‌ನಿಂದ ನಾಲ್ಕನೆಯದಕ್ಕೆ ಹೋಗಬೇಕಾದರೆ ನಡುವಿನ ಎರಡನ್ನು ದಾಟಬೇಕು. ಹಾಡಿನ ಕ್ರಮ ಮೊದಲೇ ನಿಗದಿ ಇದ್ದರೆ ಇದು ಸಮಸ್ಯೆ ಅಲ್ಲ, ಪ್ಯಾಚ್‌ಗಳನ್ನು ಅದೇ ಕ್ರಮದಲ್ಲಿ ಜೋಡಿಸಿದರೆ ಆಯಿತು. ಫರ್ಮಾಯಿಷಿ ಹಾಡು, ಅಂದರೆ ಜನ ಕೇಳಿದ ಹಾಡು, ನುಡಿಸುವ ತಂಡವಾದರೆ ನೇರ ಒತ್ತುವ ನಾಲ್ಕು ಸ್ವಿಚ್ ಇಲ್ಲದೆ ಕಷ್ಟ.

ಪ್ಯಾಚ್ ಬದಲಾಗುವಾಗ ಶಬ್ದ ಕಡಿಯುತ್ತದೋ ನೋಡಿ. ಹೀಗೆ ಪರೀಕ್ಷಿಸಿ: ಡಿಲೇ ಇರುವ ಪ್ಯಾಚ್‌ನಲ್ಲಿ ಒಂದು ಕಾರ್ಡ್ ಬಾರಿಸಿ, ಬಾಲ ಕೇಳುತ್ತಿರುವಾಗಲೇ ಮುಂದಿನ ಪ್ಯಾಚ್ ಒತ್ತಿ. ಬಾಲ ಮೆಲ್ಲಗೆ ಕರಗಿದರೆ ಒಳ್ಳೆಯದು. ಟಕ್ ಎಂದು ನಿಂತು ಒಂದು ಕ್ಷಣ ಮೌನವಾದರೆ ಭಾವಗೀತೆಯ ನಡುವೆ ಅದು ಎಲ್ಲರಿಗೂ ಗೊತ್ತಾಗುತ್ತದೆ. ಸ್ನ್ಯಾಪ್‌ಶಾಟ್ ಅಥವಾ ಸೀನ್ ಎಂಬ ಸೌಲಭ್ಯ ಇರುವ ಪೆಡಲ್‌ಗಳಲ್ಲಿ ಒಂದೇ ಪ್ಯಾಚ್ ಒಳಗೆ ಎಫೆಕ್ಟ್‌ಗಳು ಆನ್-ಆಫ್ ಆಗುವ ಕಾರಣ ಈ ತೊಂದರೆ ತೀರಾ ಕಡಿಮೆ.

ಇನ್ನೊಂದು ವಿಷಯ, ಹೊರಗಿನ ವಿಮರ್ಶಕರು ಯಾರೂ ಹೇಳದ್ದು. ದೇವಸ್ಥಾನದ ವಠಾರದಲ್ಲಿ ಎಷ್ಟೋ ಕಡೆ ಬರಿಗಾಲಲ್ಲಿ ನುಡಿಸಬೇಕು. ಚೂಪು ಲೋಹದ ಸ್ವಿಚ್ ಶೂ ಹಾಕಿದಾಗ ಚೆನ್ನಾಗಿರುತ್ತದೆ, ಬರಿಗಾಲಿಗೆ ನೋವು. ಸ್ವಿಚ್‌ಗಳು ತೀರಾ ಹತ್ತಿರ ಇದ್ದರೆ ಶೂ ಹಾಕಿದಾಗ ಎರಡೂ ಒಟ್ಟಿಗೆ ಒತ್ತಿ ಹೋಗುತ್ತವೆ. ಅಂಗಡಿಯಲ್ಲಿ ಪೆಡಲ್ ಅನ್ನು ಮೇಜಿನ ಮೇಲೆ ಇಟ್ಟು ಕೈಯಿಂದ ಒತ್ತಿ ನೋಡುವುದು ಸಾಲದು. ನೆಲಕ್ಕೆ ಇಳಿಸಿ. ಶೂ ಹಾಕಿ ಒಮ್ಮೆ, ಬಿಚ್ಚಿ ಒಮ್ಮೆ ಒತ್ತಿ. ನಿಂತಲ್ಲಿಂದ ಪರದೆಯ ಅಕ್ಷರ ಓದಲು ಆಗುತ್ತದಾ ನೋಡಿ.

ವಾಲ್ಯೂಮ್ ಅಥವಾ ವಾವಾ ಎಫೆಕ್ಟ್‌ಗೆ ಕಾಲಿನಿಂದ ಒತ್ತುವ ಎಕ್ಸ್‌ಪ್ರೆಶನ್ ಪೆಡಲ್ ಜೊತೆಯಲ್ಲೇ ಇದ್ದರೆ ನನ್ನ ಮಟ್ಟಿಗೆ ಅದು ದೊಡ್ಡ ಅನುಕೂಲ. ಗಾಯಕರು ಮೆತ್ತಗೆ ಹಾಡುವಾಗ ಗಿಟಾರ್ ಇಳಿಸಲು ಅದಕ್ಕಿಂತ ಸುಲಭದ ದಾರಿ ಇಲ್ಲ.

ಹಂತ 5: ನಾಲ್ಕು ಸೌಂಡ್, ಒಂದು ಟ್ಯಾಪ್ ಟೆಂಪೋ

ಒಂದು ಸಂಜೆಯ ಕಾರ್ಯಕ್ರಮಕ್ಕೆ ಬೇಕಾಗುವ ಸೌಂಡ್ ನಾಲ್ಕು. ಸ್ವಲ್ಪ ಕೋರಸ್ ಎಫೆಕ್ಟ್ ಇರುವ ಕ್ಲೀನ್, ಅಂದರೆ ಒಡೆಯದ ತಿಳಿ ಸೌಂಡ್. ಗಟ್ಟಿಯಾಗಿ ಬಾರಿಸಿದರೆ ಒಡೆಯುವ ಕ್ರಂಚ್. ಸೋಲೊ ನುಡಿಸಲು ಡಿಲೇ ಇರುವ ಲೀಡ್. ಎಲೆಕ್ಟ್ರಿಕ್ ಗಿಟಾರ್‌ನಲ್ಲೇ ಅಕೂಸ್ಟಿಕ್‌ನ ಹತ್ತಿರ ಬರುವ ಒಂದು. ಈ ನಾಲ್ಕು ಚೆನ್ನಾಗಿ ಬರುತ್ತದೋ ಕೇಳಿ, ಉಳಿದದ್ದನ್ನು ಮರೆತುಬಿಡಿ. ಆಂಪ್ ಮಾಡೆಲ್ ಚೆನ್ನಾಗಿದೆಯಾ ಎಂದು ತಿಳಿಯಲು ಒಂದು ಉಪಾಯ: ಕ್ರಂಚ್ ಪ್ಯಾಚ್‌ನಲ್ಲಿ ಗಿಟಾರ್‌ನ ವಾಲ್ಯೂಮ್ ಗುಂಡಿಯನ್ನು ಹತ್ತರಿಂದ ಐದಕ್ಕೆ ಇಳಿಸಿ ಬಾರಿಸಿ. ಸೌಂಡ್ ತಿಳಿಯಾಗಿ ಕ್ಲೀನ್ ಕಡೆಗೆ ಬಂದರೆ ಒಳ್ಳೆಯ ಮಾಡೆಲ್. ಬರೀ ಸಣ್ಣದಾಗಿ, ಕೊರಕೊರ ಹಾಗೇ ಉಳಿದರೆ ಅಷ್ಟಕ್ಕಷ್ಟೇ.

ಟ್ಯಾಪ್ ಟೆಂಪೋ ಅಂದರೆ ಕಾಲಿನಿಂದ ತಾಳ ಒತ್ತಿ ಡಿಲೇಯ ವೇಗ ಹೊಂದಿಸುವುದು. ಈ ವಿಷಯದಲ್ಲಿ ನಮಗೆ ಒಂದು ವಿಶೇಷ ಅಗತ್ಯ ಉಂಟು. ಬೈಲಾ 6/8ರ ನಡೆ. ಕಾಲು ತಾಳ ಹಾಕುವುದು ಎರಡು ದೊಡ್ಡ ಪೆಟ್ಟಿಗೆ, ಪ್ರತಿ ಪೆಟ್ಟಿನೊಳಗೆ ಮೂರು ಸಣ್ಣ ಪೆಟ್ಟು. ದೊಡ್ಡ ಪೆಟ್ಟು ನಿಮಿಷಕ್ಕೆ 120 ಎಂದಾದರೆ ಒಂದಕ್ಕೆ 500 ಮಿಲಿಸೆಕೆಂಡ್, ಸಣ್ಣದಕ್ಕೆ ಸುಮಾರು 167. ಪೆಡಲ್‌ನಲ್ಲಿ ಹೆಚ್ಚಿನವರು ಇಟ್ಟುಕೊಳ್ಳುವ ಡಾಟೆಡ್ ಎಯ್ಟ್ ಡಿಲೇ (ಪೆಟ್ಟಿನ ಮುಕ್ಕಾಲು ಪಾಲು) ಬರುವುದು 375ಕ್ಕೆ. ಅದು ಮೂರರ ಲೆಕ್ಕಕ್ಕೆ ಕೂರುವುದೇ ಇಲ್ಲ, ಡ್ರಮ್ಸ್ ಜೊತೆ ಜಗಳ ಆಡುತ್ತದೆ. ಮೂರು ಪಾಲಿನ ಲೆಕ್ಕದ ಟ್ರಿಪ್ಲೆಟ್ ಇಟ್ಟರೆ 167 ಅಥವಾ 333 ಬಂದು ತಾಳದೊಳಗೆ ಸೇರುತ್ತದೆ. ಹಾಗಾಗಿ ಪೆಡಲ್‌ನ ಡಿಲೇಯಲ್ಲಿ ಟ್ರಿಪ್ಲೆಟ್ ಆಯ್ಕೆ ಉಂಟಾ, ಟ್ಯಾಪ್ ಮಾಡಲು ಒಂದು ಸ್ವಿಚ್ ಮೀಸಲಿಡಲು ಆಗುತ್ತದಾ ನೋಡಿ. ಮಂಗಳೂರಿನ ಮದುವೆ ಸೀಸನ್‌ನಲ್ಲಿ ಇದು ವಾರಕ್ಕೆರಡು ಸಲ ಉಪಯೋಗಕ್ಕೆ ಬರುತ್ತದೆ.

ಚರ್ಚಿನ ಗಾಯನ ಮಂಡಳಿಯಲ್ಲಿ ಪಿಕಪ್ ಇರುವ ಅಕೂಸ್ಟಿಕ್ ಮಾತ್ರ ನುಡಿಸುವವರಿಗೆ ಈ ಪೆಡಲ್‌ಗಳ ಆಂಪ್, ಕ್ಯಾಬ್ ಎರಡೂ ಬೇಡ. ಬೇಸ್, ಟ್ರೆಬಲ್ ಹೊಂದಿಸುವ ಇಕ್ಯೂ, ಸ್ವಲ್ಪ ರಿವರ್ಬ್, ಟ್ಯೂನರ್, ಫೀಡ್‌ಬ್ಯಾಕ್ ತಡೆಯುವ ನಾಚ್ ಇರುವ ಅಕೂಸ್ಟಿಕ್ ಪ್ರೀಆಂಪ್ ಸಾಕು.

ಹಂತ 6: ತೂಕ ಮತ್ತು ಬ್ಯಾಗ್

ಸ್ಕೂಟರ್‌ನಲ್ಲಿ ಹೋಗುವವರು, ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ಉಡುಪಿ ಎಕ್ಸ್‌ಪ್ರೆಸ್ ಬಸ್ ಹತ್ತುವವರು ಪೆಡಲ್‌ನ ತೂಕ ಮಾತ್ರ ನೋಡಬೇಡಿ. ಅಡಾಪ್ಟರ್, ಡಿಐ, ಎರಡು ಕೇಬಲ್, ಎಕ್ಸ್‌ಟೆನ್ಶನ್ ಬಾಕ್ಸ್ ಸೇರಿಸಿ ತೂಗಿ. ಜಿ1ಎಕ್ಸ್ ಫೋರ್ ಸುಮಾರು 600 ಗ್ರಾಂ, ಜಿಟಿ-1 ಸೆಲ್ ಸೇರಿ 1.3 ಕಿಲೋ, ಪಾಡ್ ಗೋ 2 ಕಿಲೋಗಿಂತ ಸ್ವಲ್ಪ ಜಾಸ್ತಿ. ಮೊದಲೆರಡು ಗಿಟಾರ್ ಬ್ಯಾಗ್‌ನ ಮುಂದಿನ ಜೇಬಿಗೆ ಹೋಗುತ್ತವೆ. ಆದರೆ ತುಂಬಿದ ಬಸ್ಸಿನಲ್ಲಿ ಜೇಬಿನ ಪೆಡಲ್ ಗಿಟಾರ್‌ನ ಮೈಗೆ ಒತ್ತುತ್ತದೆ. ಬೆನ್ನಿಗೆ ಗಿಟಾರ್, ಎದುರಿಗೆ ಒಂದು ಸಣ್ಣ ಬ್ಯಾಗ್, ಇದೇ ಒಳ್ಳೆಯದು.

ಹಂತ 7: ಯಾರಿಗೆ ಯಾವುದು

ಕಡಿಮೆ ಬಜೆಟ್, ಹಾಡಿನ ಪಟ್ಟಿ ಮೊದಲೇ ನಿಗದಿ, ಬಸ್ ಪ್ರಯಾಣ ಎಂದಾದರೆ ಜಿ1ಎಕ್ಸ್ ಫೋರ್ ಅಥವಾ ಜಿಟಿ-1. ಎರಡರಲ್ಲಿ ನನ್ನ ಒಲವು ಜಿಟಿ-1 ಕಡೆಗೆ. ಔಟ್‌ಪುಟ್ ಎಡ-ಬಲ ಬೇರೆ ಬೇರೆ ಜ್ಯಾಕ್ ಉಂಟು, ಮೈ ಗಟ್ಟಿ, ಮೂರನೆಯ ಸ್ವಿಚ್ ಉಂಟು.

ಮೆನು ಒಳಗೆ ಹೋಗುವುದೇ ಇಷ್ಟ ಇಲ್ಲದವರಿಗೆ ಬಾಸ್ ಎಂಇ-90. ಎಲ್ಲ ಗುಂಡಿಗಳೂ ಮೇಲೆಯೇ ಇವೆ, ಬಿಡಿ ಬಿಡಿ ಪೆಡಲ್ ಸಾಲಾಗಿ ಇಟ್ಟಂತೆ. ಸೌಂಡ್ ಚೆಕ್ ಸಿಗದ ಸ್ಟೇಜ್‌ನಲ್ಲಿ ಕೂಡಲೇ ಟ್ರೆಬಲ್ ಇಳಿಸಲು ಇದರಷ್ಟು ಸುಲಭ ಬೇರೆ ಇಲ್ಲ.

ನಡುವಿನ ಬೆಲೆಯಲ್ಲಿ ವ್ಯಾಲಿಟನ್ ಜಿಪಿ-200, ನಕ್ಸ್ ಎಂಜಿ-30 ಮುಂತಾದವು ಕೊಟ್ಟ ದುಡ್ಡಿಗೆ ತುಂಬ ಕೊಡುತ್ತವೆ. ಅವುಗಳಲ್ಲಿ ಐಆರ್ ಹಾಕಬಹುದು. ಕೊಳ್ಳುವಾಗ ಸರ್ವಿಸ್ ಎಲ್ಲಿ ಮಾಡುತ್ತಾರೆ ಎಂದು ಕೇಳಿ, ಬಿಲ್ ಜೋಪಾನ ಮಾಡಿ.

ಫರ್ಮಾಯಿಷಿ ಹಾಡಿನ ಆರ್ಕೆಸ್ಟ್ರಾಗಳಿಗೆ 2020ರಲ್ಲಿ ಬಂದ ಪಾಡ್ ಗೋ ಸರಿಹೊಂದುತ್ತದೆ. ಆಂಪ್, ಕ್ಯಾಬ್, ವಾವಾ, ವಾಲ್ಯೂಮ್, ಇಕ್ಯೂ ಇವುಗಳಿಗೆ ಜಾಗ ಮೀಸಲಿಟ್ಟು, ಇನ್ನೂ ನಾಲ್ಕು ಎಫೆಕ್ಟ್‌ಗೆ ಜಾಗ ಬಿಟ್ಟಿದ್ದಾರೆ. ನಾಲ್ಕೇನಾ ಎಂದು ಅನಿಸಬಹುದು, ಸ್ಟೇಜ್‌ಗೆ ಅಷ್ಟು ಸಾಕು. ಈಗಾಗಲೇ ನಾಲ್ಕಾರು ಇಷ್ಟದ ಪೆಡಲ್ ಬೋರ್ಡ್ ಮೇಲೆ ಇದ್ದವರಿಗೆ, ಆಂಪ್ ಮತ್ತು ಕ್ಯಾಬ್‌ಗಾಗಿ ಮಾತ್ರ ಒಂದು ಪೆಟ್ಟಿಗೆ ಬೇಕಾದವರಿಗೆ ಎಚ್‌ಎಕ್ಸ್ ಸ್ಟಾಂಪ್. ಮೂರೇ ಸ್ವಿಚ್ ಇರುವುದರಿಂದ ಅದೊಂದನ್ನೇ ಹಿಡಿದು ಮೂರು ಗಂಟೆ ನುಡಿಸುವುದು ಕಷ್ಟ. ಕ್ವಾಡ್ ಕಾರ್ಟೆಕ್ಸ್ ಅದ್ಭುತ ಉಪಕರಣ. ಆದರೆ ಬೀಚ್‌ನ ಮರಳಿಗೆ, ಮಳೆ ಬರುವ ಪೆಂಡಾಲ್‌ಗೆ ಅಷ್ಟು ಬೆಲೆಯದ್ದನ್ನು ಒಯ್ಯಲು ನಾನು ಯಾರಿಗೂ ಹೇಳುವುದಿಲ್ಲ. ರೆಕಾರ್ಡಿಂಗ್ ಕೂಡ ಮಾಡುವವರಿಗೆ ಸರಿ.

ಹಂತ 8: ಅಂಗಡಿಯಲ್ಲಿ, ಅಥವಾ ಸೆಕೆಂಡ್ ಹ್ಯಾಂಡ್ ಮಾರುವವರ ಮನೆಯಲ್ಲಿ

ನಿಮ್ಮದೇ ಗಿಟಾರ್, ನಿಮ್ಮದೇ ಕೇಬಲ್ ಒಯ್ಯಿರಿ. ಅಂಗಡಿಯವರ ಹತ್ತಿರ ಗಿಟಾರ್ ಆಂಪ್ ಬೇಡ, ಪಿಎ ಸ್ಪೀಕರ್‌ಗೆ ಹಾಕಿ ಕೊಡಿ ಎಂದು ಕೇಳಿ. ಕಂಪನಿಯವರು ಹಾಕಿಟ್ಟ ಪ್ಯಾಚ್‌ಗಳಲ್ಲಿ ರಿವರ್ಬ್, ಡಿಲೇ ತುಂಬ ಸುರಿದಿರುತ್ತಾರೆ. ಅವನ್ನು ದಾಟಿ ಖಾಲಿ ಪ್ಯಾಚ್‌ಗೆ ಹೋಗಿ. ಒಂದು ಆಂಪ್, ಒಂದು ಕ್ಯಾಬ್ ಮಾತ್ರ ಹಾಕಿ ನುಡಿಸಿ. ಇದನ್ನು ಅಂಗಡಿಯಲ್ಲೇ ನೀವೇ ಮಾಡಲು ಆಗದಿದ್ದರೆ ಆ ಪೆಡಲ್‌ನ ಮೆನು ನಿಮಗೆ ಹೇಳಿದ್ದಲ್ಲ.

ಸೆಕೆಂಡ್ ಹ್ಯಾಂಡ್ ಆದರೆ ಮೊದಲು ಸೆಲ್ ಹಾಕುವ ಮುಚ್ಚಳ ತೆಗೆಯಿರಿ. ಸ್ಪ್ರಿಂಗ್ ಮೇಲೆ ಹಸಿರು ಅಥವಾ ಬಿಳಿ ಪುಡಿ ಇದ್ದರೆ ಸೆಲ್ ಒಳಗೇ ಸೋರಿದೆ. ಜ್ಯಾಕ್‌ಗಳಲ್ಲಿ ತುಕ್ಕು ಉಂಟಾ ನೋಡಿ. ಕೇಬಲ್ ಹಾಕಿ ಮೆಲ್ಲಗೆ ಅಲ್ಲಾಡಿಸಿ. ಪ್ರತಿ ಸ್ವಿಚ್ಚನ್ನು ಹತ್ತಿಪ್ಪತ್ತು ಸಲ ಒತ್ತಿ. ಒಂದು ಸಲ ಒತ್ತಿದ್ದಕ್ಕೆ ಎರಡು ಸಲ ಕೆಲಸ ಮಾಡಿದರೆ ಸ್ವಿಚ್ ಹೋಗುತ್ತಾ ಬಂದಿದೆ ಎಂದರ್ಥ. ಎಕ್ಸ್‌ಪ್ರೆಶನ್ ಪೆಡಲ್ ಪೂರ್ತಿ ಮೇಲಿನಿಂದ ಪೂರ್ತಿ ಕೆಳಗೆ ತನಕ ನಡುವೆ ಜಿಗಿಯದೆ ಹೋಗಬೇಕು. ಜೊತೆಗೆ ಬಂದಿದ್ದ ಅಡಾಪ್ಟರ್ ಕೊಡುತ್ತಾರಾ ಕೇಳಿ.

ಹಂತ 9: ಮೊದಲ ಕಾರ್ಯಕ್ರಮದ ಮುಂಚೆ

ಹೆಡ್‌ಫೋನ್‌ನಲ್ಲಿ ಕೂತು ಮಾಡಿದ ಪ್ಯಾಚ್ ಸ್ಟೇಜ್‌ನಲ್ಲಿ ಬೇರೆಯೇ ಕೇಳುತ್ತದೆ. ಸಣ್ಣ ಶಬ್ದದಲ್ಲಿ ನಮ್ಮ ಕಿವಿಗೆ ಬೇಸ್ ಮತ್ತು ಟ್ರೆಬಲ್ ಕಡಿಮೆ ಕೇಳುವ ಕಾರಣ ಎರಡನ್ನೂ ಜಾಸ್ತಿ ಹಾಕಿರುತ್ತೇವೆ. ದೊಡ್ಡ ಶಬ್ದದಲ್ಲಿ ಅದು ಗುಡುಗುಡು, ಚುರುಚುರು ಆಗುತ್ತದೆ. ತಂಡದ ಪ್ರಾಕ್ಟೀಸ್‌ನಲ್ಲಿ, ಸ್ಟೇಜ್‌ನಷ್ಟೇ ಜೋರಾಗಿ ನುಡಿಸುತ್ತಾ ಪ್ಯಾಚ್ ಸರಿ ಮಾಡಿ. ಎಲ್ಲ ಪ್ಯಾಚ್‌ಗೂ ಒಟ್ಟಿಗೆ ಅನ್ವಯಿಸುವ ಗ್ಲೋಬಲ್ ಇಕ್ಯೂನಲ್ಲಿ ಕೆಳಗೆ 80ರಿಂದ 100 ಹರ್ಟ್ಸ್, ಮೇಲೆ 6ರಿಂದ 8 ಕಿಲೋಹರ್ಟ್ಸ್ ಹತ್ತಿರ ಕಟ್ ಮಾಡಿ ನೋಡಿ. ಗಿಟಾರ್‌ನ ದಪ್ಪ ತಂತಿ ನುಡಿಯುವುದೇ 82 ಹರ್ಟ್ಸ್‌ನಲ್ಲಿ. ಅದರ ಕೆಳಗಿನ ಜಾಗ ಬೇಸ್ ಗಿಟಾರ್ ಮತ್ತು ಕಿಕ್ ಡ್ರಮ್‌ನದ್ದು.

ಲೀಡ್ ಪ್ಯಾಚ್ ಉಳಿದವಕ್ಕಿಂತ 3-4 ಡೆಸಿಬಲ್ ಮೇಲೆ ಇರಲಿ. ಆ ಹೆಚ್ಚಳವನ್ನು ಆಂಪ್ ಮಾಡೆಲ್‌ನ ನಂತರ ಕೊಡಿ. ಮೊದಲು ಕೊಟ್ಟರೆ ಶಬ್ದ ದೊಡ್ಡದಾಗುವ ಬದಲು ಡಿಸ್ಟಾರ್ಶನ್ ಮಾತ್ರ ಜಾಸ್ತಿಯಾಗುತ್ತದೆ. ಸೌಂಡ್‌ನವರಿಗೆ ಲೈನ್ ಚೆಕ್ ಕೊಡುವಾಗ ಈ ಲೀಡ್ ಪ್ಯಾಚನ್ನೇ ಮೊದಲು ನುಡಿಸಿ. "ಅಣ್ಣ, ಇದೇ ನನ್ನ ದೊಡ್ಡ ಸೌಂಡ್, ಇದಕ್ಕಿಂತ ಮೇಲೆ ಹೋಗುವುದಿಲ್ಲ" ಎಂದು ಹೇಳಿ. ಅವರು ಅಷ್ಟಕ್ಕೆ ಗೇನ್ ಇಟ್ಟರೆ ಆಮೇಲೆ ನಿಮ್ಮ ಚಾನಲ್ ಮುಟ್ಟುವ ಅಗತ್ಯವೇ ಬರುವುದಿಲ್ಲ. ಪ್ಯಾಚ್‌ಗಳ ಒಂದು ಕಾಪಿ ಕಂಪ್ಯೂಟರ್‌ನಲ್ಲಿ ಇಟ್ಟುಕೊಳ್ಳಿ.

ಹಂತ 10: ಜೂನ್ ಬಂದಾಗ

ವರ್ಷಕ್ಕೆ 3,500 ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳುವ ಊರು ನಮ್ಮದು. ಮಳೆಗಾಲದಲ್ಲಿ ಚಪ್ಪಲಿಗೂ ಬೂಸ್ಟು ಬರುತ್ತದೆ, ಪೆಡಲ್ ಹೇಗೆ ಬಚಾವಾಗುತ್ತದೆ? ಸೀಸನ್ ಮುಗಿದ ಕೂಡಲೇ ಸೆಲ್ ಹೊರಗೆ ತೆಗೆಯಿರಿ. ಬೀಚ್‌ನಲ್ಲಿ ನುಡಿಸಿದ್ದರೆ ಸ್ವಲ್ಪ ಒದ್ದೆ ಮಾಡಿದ ಬಟ್ಟೆಯಿಂದ ಉಪ್ಪು ಒರೆಸಿ, ಒಣ ಬಟ್ಟೆಯಿಂದ ಮತ್ತೆ ಒರೆಸಿ. ಜ್ಯಾಕ್‌ಗೆ ಕಾಂಟ್ಯಾಕ್ಟ್ ಕ್ಲೀನರ್ ಚೂರು ಹೊಡೆದು ಕೇಬಲ್ ಪಿನ್ನನ್ನು ಒಳಗೆ ಹೊರಗೆ ಆಡಿಸಿ. ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಬಣ್ಣ ಬದಲಾಗುವ ಜೆಲ್ ಆದರೆ ತೇವ ಹೀರಿದ್ದು ಕೂಡಲೇ ಗೊತ್ತಾಗುತ್ತದೆ, ಬಾಣಲೆಯಲ್ಲಿ ಹದ ಉರಿಯಲ್ಲಿ ಬಿಸಿ ಮಾಡಿ ಮತ್ತೆ ಬಳಸಬಹುದು. ಮೂಲೆಯಲ್ಲಿ ಇಟ್ಟು ನಾಲ್ಕು ತಿಂಗಳು ಮರೆಯಬೇಡಿ. ವಾರಕ್ಕೊಮ್ಮೆ ತೆಗೆದು ಅರ್ಧ ಗಂಟೆ ನುಡಿಸಿ. ಒಳಗಿನ ಬಿಸಿಗೆ ತೇವ ಆರುತ್ತದೆ, ಸ್ವಿಚ್‌ಗಳೂ ಜಡ ಹಿಡಿಯುವುದಿಲ್ಲ.